ತಳವಾರನ ಕೋಲಿನಿಂದ ಏಜೆನ್ಸಿಯ ಸಮವಸ್ತ್ರದವರೆಗೆ

ಮಾಗಡಿ, ಚನ್ನಪಟ್ಟಣ, ಕನಕಪುರ ಹಾಗೂ ಹಿಂದೆ ಕ್ಲೋಸ್‌ಪೇಟೆ ಎನಿಸಿದ್ದ ರಾಮನಗರದ ಸೀಮೆಯಲ್ಲಿ, ಹಳೆಯ ಮೈಸೂರಿನ ಇತರೆಡೆಗಳಂತೆಯೇ, ಕಾವಲು ಎಂಬುದು ವಂಶಪಾರಂಪರ್ಯದ ಗ್ರಾಮಸೇವೆಯಾಗಿತ್ತು. ಊರಿನ ಸೇವಕವರ್ಗವಾದ ಆಯಗಾರರಲ್ಲಿ ಒಬ್ಬನಾಗಿದ್ದ ತಳವಾರನು ಇನಾಮು ಭೂಮಿಯನ್ನೋ, ಸುಗ್ಗಿಯಲ್ಲಿ ಕಣದಿಂದ ಸಲ್ಲುವ ಧಾನ್ಯದ ಪಾಲಾದ ‘ಆಯ’ವನ್ನೋ ಪಡೆಯುತ್ತಿದ್ದುದರಿಂದ ಊರಿಗೇ ಉತ್ತರ ಹೇಳಬೇಕಾಗಿತ್ತು.

ಗ್ರಾಮ ಹುದ್ದೆಗಳನ್ನು ರದ್ದುಗೊಳಿಸಿದ 1961ರ ಕಾಯ್ದೆಯು ಈ ವ್ಯವಸ್ಥೆಯನ್ನು ಕೊನೆಗಾಣಿಸಿತು. ಮುಂದೆ ಬಿಡದಿ, ಹಾರೋಹಳ್ಳಿಗಳಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆದಂತೆ ಕಾರ್ಖಾನೆಯ ಗೇಟಿನಲ್ಲಿ ಏಜೆನ್ಸಿಯ ಸೆಕ್ಯುರಿಟಿ ಗಾರ್ಡ್ ಕಾಣಿಸಿಕೊಂಡನು, ಅವನ ಹೊಣೆಗಾರಿಕೆ ಊರಿನಿಂದ ಮಾಲೀಕನತ್ತ ಸರಿಯಿತು. ಖಾಸಗಿ ಭದ್ರತಾ ಏಜೆನ್ಸಿಗಳನ್ನು ನಿಯಂತ್ರಿಸುವ 2005ರ ಕೇಂದ್ರ ಕಾಯ್ದೆಯು ಏಜೆನ್ಸಿಗೆ ಪರವಾನಗಿಯನ್ನೂ ಕಾವಲುಗಾರನಿಗೆ ತರಬೇತಿಯನ್ನೂ ಕಡ್ಡಾಯಗೊಳಿಸಿತು, ಷರತ್ತು ಮುರಿದರೆ ಪರವಾನಗಿ ರದ್ದುಪಡಿಸುವ ಅಧಿಕಾರವನ್ನು ರಾಜ್ಯದ ನಿಯಂತ್ರಣ ಪ್ರಾಧಿಕಾರಕ್ಕೆ ಕೊಟ್ಟಿತು.

ಸಮವಸ್ತ್ರ ತೊಟ್ಟರೂ ಅವನಿಗೆ ಪೊಲೀಸರ ಅಧಿಕಾರವಿಲ್ಲ. ಬರಿಯ ಒರಟು ಮಾತು ಅಪರಾಧವಾಗದೆ ಏಜೆನ್ಸಿಗೆ ಕೊಡುವ ದೂರಿನ ವಿಷಯವಾಗಿ ಉಳಿಯುತ್ತದೆಯಾದರೂ, ಹೋಗಲು ಹಕ್ಕುಳ್ಳವರನ್ನು ಅಡ್ಡಗಟ್ಟುವ ‘ಅಕ್ರಮ ತಡೆ’ಯು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಮಿನಡಿ, ಶಾಂತಿಭಂಗಕ್ಕೆ ಕೆರಳಿಸುವ ಉದ್ದೇಶದ ಅವಮಾನವು 352ನೇ ಕಲಮಿನಡಿ ಶಿಕ್ಷಾರ್ಹವಾಗಿವೆ.