ಹತ್ತು ಸಾವಿರ ರೂಪಾಯಿ ಮತ್ತು ಅಪ್ಪಾಜಿಯ ಕಾರು

2025ರ ಸೆಪ್ಟೆಂಬರ್ 22. ಅವತ್ತು ರಾತ್ರಿ ಒಂಬತ್ತರ ಬುಲೆಟಿನ್‌ನಲ್ಲಿ ಸಂಭ್ರಮದ ಸುದ್ದಿ ಓದಿದ್ದು ನಾನೇ. ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿತ್ತು. ಮೇಲಿನ ಸೆಸ್ಸೂ ಹೋಗಿತ್ತು. ಶೋರೂಮ್‌ಗಳ ಮುಂದೆ ನಮ್ಮ ವರದಿಗಾರರು ನಿಂತಿದ್ದರು. ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಸೆಲ್ಫಿ, ಎಲ್ಲವೂ ಇತ್ತು.

ಬುಲೆಟಿನ್ ಮುಗಿಸಿ ಹೊರಗೆ ಬರುವಷ್ಟರಲ್ಲಿ ದಾವಣಗೆರೆಯಿಂದ ಅಪ್ಪಾಜಿಯ ಫೋನು.

"ಅರ್ಧ ಸುದ್ದಿ ಓದಿದೆ ಕಣಪ್ಪಾ" ಅಂದರು.

"ಯಾಕೆ ಅಪ್ಪಾಜಿ?"

"ಹೊಸ ಕಾರಿಗೆ ತೆರಿಗೆ ಇಳಿಸಿದ್ರು ಅಂದೆ. ಹೋದ ತಿಂಗಳು ಹಳೇ ಕಾರಿಗೆ ಫೀಸು ಏರಿಸಿದ್ರಲ್ಲ, ಅದನ್ನ ಯಾರು ಹೇಳ್ತಾರೆ?"

ನಾನು ಸುಮ್ಮನಾದೆ. ಯಾಕಂದ್ರೆ ಅವರು ಹೇಳಿದ್ದು ಸತ್ಯ. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು. 2022ರ ಮಾರ್ಚ್‌ವರೆಗೆ ಅದರ ಶುಲ್ಕ 600 ರೂಪಾಯಿ. ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ಮಾಡಿತು. ಅಪ್ಪಾಜಿಯ ಮಾರುತಿ 800 ತಯಾರಾಗಿದ್ದು 1995ರಲ್ಲಿ. ಅದರ ಆರ್‌ಸಿ ಮುಗಿಯಲು ಒಂದೂವರೆ ತಿಂಗಳಿತ್ತು.

"ಕಟ್ಟಣವೋ, ಗುಜರಿಗೆ ಕೊಡಣವೋ? ನೀನೇ ಹೇಳು. ಭಾನುವಾರ ಬರ್ತೀಯಲ್ಲ" ಅಂತ ಫೋನಿಟ್ಟರು.

ದಿನಾ ಪ್ರಧಾನಮಂತ್ರಿಗೂ ಮುಖ್ಯಮಂತ್ರಿಗೂ ಏನು ಮಾಡಬೇಕು ಅಂತ ಹೇಳುವ ನನಗೆ ಅಪ್ಪನ ಈ ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ ನೋಡಿ. ಉತ್ತರ ಹುಡುಕಲು ಹೋದವನು 42 ವರ್ಷ ಹಿಂದಕ್ಕೆ ಹೋಗಿಬಿಟ್ಟೆ. ಅಲ್ಲೂ ಅದೇ ಹತ್ತು ಸಾವಿರ ರೂಪಾಯಿ ಕಾಯುತ್ತಾ ಕೂತಿತ್ತು!

1983ರಲ್ಲಿ ಮಾರುತಿ ಉದ್ಯೋಗ್ ಎಂಬ ಸರ್ಕಾರಿ ಕಂಪನಿ ಸಣ್ಣ ಕಾರಿಗೆ ಬುಕಿಂಗ್ ತೆರೆಯಿತು. ಮುಂಗಡ ಹತ್ತು ಸಾವಿರ. ಆಗ ಅದು ಸಣ್ಣ ಮೊತ್ತವಲ್ಲ, ಗುಮಾಸ್ತನೊಬ್ಬನ ಒಂದು ವರ್ಷದ ಸಂಬಳಕ್ಕೆ ಹತ್ತಿರದ ಹಣ. ಕಾರು ಇನ್ನೂ ಕಾರ್ಖಾನೆಯಿಂದ ಹೊರಗೇ ಬಂದಿಲ್ಲ. ಆದರೂ ಎರಡು ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ದುಡ್ಡು ಕಟ್ಟಿದರು. ಆ ಕಾಲಕ್ಕೆ ಇಡೀ ದೇಶದಲ್ಲಿ ವರ್ಷಕ್ಕೆ ಐವತ್ತು ಸಾವಿರ ಕಾರೂ ಮಾರಾಟವಾಗುತ್ತಿರಲಿಲ್ಲ ಎಂಬುದು ನೆನಪಿರಲಿ.

ಆ ವರ್ಷದ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಕಾರಿನ ಬೀಗದ ಕೈ ಕೊಟ್ಟರು. ತೆಗೆದುಕೊಂಡವರು ಇಂಡಿಯನ್ ಏರ್‌ಲೈನ್ಸ್‌ನ ಒಬ್ಬ ನೌಕರ. ಲಾಟರಿಯಲ್ಲಿ ಅವರ ಹೆಸರು ಬಂದಿತ್ತು. ಕಾರಿನ ಬೆಲೆ ಐವತ್ತು ಸಾವಿರದ ಆಸುಪಾಸು. ಆ ದಿನಾಂಕ ಆರಿಸಿದ್ದಕ್ಕೂ ಕಾರಣವಿತ್ತು. ಅದು ಸಂಜಯ್ ಗಾಂಧಿಯ ಹುಟ್ಟಿದ ದಿನ.

ಈ ಕಥೆಯ ರಾಜಕೀಯ ಮುಖ ಹಿರಿಯ ವೀಕ್ಷಕರಿಗೆ ಗೊತ್ತಿರುವಂಥದ್ದೇ. ದೇಶಕ್ಕೊಂದು ಅಗ್ಗದ ಸಣ್ಣ ಕಾರು ಬೇಕು ಅಂತ ಎಲ್.ಕೆ. ಝಾ ಸಮಿತಿ 1959ರಲ್ಲೇ ಹೇಳಿತ್ತು. ಹತ್ತು ವರ್ಷ ಕಡತ ಓಡಾಡಿತು, ಕಾರು ಓಡಲಿಲ್ಲ. ಆಮೇಲೆ ಪ್ರಧಾನಿಯ ಮಗನಿಗೇ ಲೈಸೆನ್ಸ್ ಸಿಕ್ಕಿತು. 1971ರಲ್ಲಿ ಮಾರುತಿ ಲಿಮಿಟೆಡ್ ಹುಟ್ಟಿತು. ಗುರ್‌ಗಾಂವ್‌ನಲ್ಲಿ ಬನ್ಸಿಲಾಲ್ ಸರ್ಕಾರ ಜಮೀನು ಕೊಟ್ಟಿತು. ಜನರ ಕಾರು ಮಾತ್ರ ಜನರ ಬಳಿಗೆ ಬರಲೇ ಇಲ್ಲ. ತುರ್ತುಪರಿಸ್ಥಿತಿ ಹೋಗಿ ಜನತಾ ಸರ್ಕಾರ ಬಂದಾಗ ತನಿಖಾ ಆಯೋಗ ಕೂತಿತು, ಕಂಪನಿ ಮುಚ್ಚಿತು. 1980ರ ಜೂನ್‌ನಲ್ಲಿ ಸಂಜಯ್ ವಿಮಾನ ಅಪಘಾತದಲ್ಲಿ ಸತ್ತರು. ಅದೇ ವರ್ಷ ಸರ್ಕಾರ ಆ ಕಂಪನಿಯನ್ನು ವಶಕ್ಕೆ ತಗೊಂಡಿತು. ಬಿಎಚ್‌ಇಎಲ್ ಕಟ್ಟಿ ಬೆಳೆಸಿದ್ದ ವಿ. ಕೃಷ್ಣಮೂರ್ತಿಯವರ ಕೈಗೆ ಜವಾಬ್ದಾರಿ ಬಂತು, ಜೊತೆಗೆ ಆರ್.ಸಿ. ಭಾರ್ಗವ ಇದ್ದರು. 1982ರ ಅಕ್ಟೋಬರ್‌ನಲ್ಲಿ ಜಪಾನಿನ ಸುಜುಕಿ ಜತೆ ಒಪ್ಪಂದವಾಯಿತು. ಮುಂದಿನದು ಇತಿಹಾಸ.

ಆದ್ರೆ ನನ್ನ ತಕರಾರು ಇರೋದು ಇಲ್ಲೇ. ನಮ್ಮ ಇತಿಹಾಸ ಬೀಗದ ಕೈ ಕೊಟ್ಟ ಫೋಟೋಗೆ ನಿಂತುಬಿಡುತ್ತೆ. ಕಾರು ಕೊಳ್ಳೋದು ಒಂದು ದಿನದ ಕೆಲಸ ಸ್ವಾಮಿ. ಇಟ್ಕೊಳ್ಳೋದು ಹತ್ತಿಪ್ಪತ್ತು ವರ್ಷದ ಕೆಲಸ. ಆ ಇಪ್ಪತ್ತು ವರ್ಷದ ಇತಿಹಾಸ ಬರೆದವರು ಯಾರು?

ಮಾರುತಿಗೆ ಮೊದಲು ಕಾರು ಇಟ್ಟುಕೊಳ್ಳುವುದು ಅಂದ್ರೆ ಏನಿತ್ತು ನೋಡಿ. ಇದ್ದದ್ದು ಮುಖ್ಯವಾಗಿ ಎರಡು ಕಾರು, ಅಂಬಾಸಿಡರ್ ಮತ್ತು ಫಿಯೆಟ್. ಅಂಬಾಸಿಡರ್ ಅಂದ್ರೆ ಇಂಗ್ಲೆಂಡಿನ ಹಳೆಯ ಮೋರಿಸ್ ಆಕ್ಸ್‌ಫರ್ಡ್. ಫಿಯೆಟ್ ಅಂದ್ರೆ ಇಟಲಿಯ 1100, ಆಮೇಲೆ ಅದಕ್ಕೆ ಪದ್ಮಿನಿ ಅಂತ ನಾಮಕರಣವಾಯಿತು. ಎರಡೂ ಗಟ್ಟಿಮುಟ್ಟು, ಆದರೆ ಎರಡಕ್ಕೂ ಸೇವೆ ಮಾಡಬೇಕು. ಆಗಾಗ ಗ್ರೀಸ್ ಹೊಡೆಸಬೇಕು. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಫಿಯೆಟ್ಟಿನ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿದ್ದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅದಕ್ಕೇ ಆಗ ಕಾರು ಇಟ್ಟವರು ಡ್ರೈವರ್‌ನನ್ನೂ ಇಡುತ್ತಿದ್ದರು. ಆ ಡ್ರೈವರ್ ಅರ್ಧ ಮೆಕ್ಯಾನಿಕ್ಕೂ ಆಗಿರಬೇಕಿತ್ತು. ಮೇಷ್ಟ್ರು, ಗುಮಾಸ್ತರು, ಸಣ್ಣ ಅಂಗಡಿಯವರು ಕಾರು ಕೊಂಡರೂ ಸಾಕುವುದು ಹೇಗೆ?

ನಮ್ಮ ಬೆಂಗಳೂರೂ ಒಂದು ಉತ್ತರ ಕೊಡಲು ನೋಡಿತ್ತು. ಇಲ್ಲಿನ ಸಿಪಾನಿ ಕಂಪನಿ 70ರ ದಶಕದಲ್ಲಿ ಬಾದಲ್ ಎಂಬ ಮೂರು ಚಕ್ರದ ಕಾರು ಮಾಡಿತು. 1982ರಲ್ಲಿ, ಅಂದರೆ ಮಾರುತಿಗಿಂತ ಮೊದಲೇ, ಡಾಲ್ಫಿನ್ ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. 848 ಸಿಸಿ ಎಂಜಿನ್, ಫೈಬರ್‌ಗ್ಲಾಸ್ ಮೈ, ತುಕ್ಕಿನ ಭಯವಿಲ್ಲ. ಹಗುರವಾಗಿದ್ದರಿಂದ ರ್‍ಯಾಲಿಗಳಲ್ಲೂ ಹೆಸರು ಮಾಡಿತು. ಆಮೇಲೆ ಐದು ಬಾಗಿಲಿನ ಮೊಂಟಾನಾ ಬಂತು. ಆದರೆ ಊರೂರಿನಲ್ಲಿ ಸರ್ವಿಸ್, ಊರೂರಿನಲ್ಲಿ ಬಿಡಿಭಾಗ, ಬೆನ್ನಿಗೆ ದಿಲ್ಲಿ ಸರ್ಕಾರ, ಇದೆಲ್ಲ ಇದ್ದ ಮಾರುತಿಯ ಮುಂದೆ ಕನ್ನಡ ನೆಲದ ಆ ಕಾರು ನಿಲ್ಲಲಿಲ್ಲ.

ಬಿಡಿಭಾಗ. ಈ ಪದವನ್ನು ಹಿಡಿದುಕೊಳ್ಳಿ. ಮಾರುತಿಯ ನಿಜವಾದ ಕ್ರಾಂತಿ ಇರೋದು ಇದರಲ್ಲಿ. ಮೊದಲ ಕಾರುಗಳ ಭಾಗಗಳು ಜಪಾನಿನಿಂದ ಪೆಟ್ಟಿಗೆಯಲ್ಲಿ ಬಂದು ಇಲ್ಲಿ ಜೋಡಣೆಯಾದವು. ಆದರೆ ಹಂತಹಂತವಾಗಿ ಎಲ್ಲವನ್ನೂ ಇಲ್ಲೇ ತಯಾರಿಸಬೇಕು ಎಂಬ ಷರತ್ತಿತ್ತು. ಅದಕ್ಕಾಗಿ ನೂರಾರು ಸಣ್ಣ ಕಾರ್ಖಾನೆಗಳು ಎದ್ದವು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, 12 ಇಂಚಿನ ಚಕ್ರ, ಹಗುರವಾದ ಮೈ. 1986ರಲ್ಲಿ ಆಕಾರ ಬದಲಾಯಿತು, ಎಂಜಿನ್ ಅದೇ ಉಳಿಯಿತು. ದಶಕಗಟ್ಟಲೆ ಒಂದೇ ಎಂಜಿನ್ ಉಳಿದರೆ ಏನಾಗುತ್ತೆ? ದೇಶದ ಪ್ರತಿ ಊರಿನ ಮೇಸ್ತ್ರಿಗೂ ಅದು ಬಾಯಿಪಾಠ ಆಗುತ್ತೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ಪಾರ್ಟು, ಶಿವಾಜಿನಗರದ ಗುಜರಿಯಲ್ಲಿ ಹಳೆ ಪಾರ್ಟು. ಹೆಡ್‌ಲೈಟ್‌ನಿಂದ ಹಿಡಿದು ಬಾಗಿಲ ಹಿಡಿಕೆವರೆಗೆ ಸಿಗದೇ ಇದ್ದದ್ದೇ ಇಲ್ಲ.

ನಮ್ಮ ಅಪ್ಪಾಜಿ ಈ ಕಥೆಯೊಳಗೆ ಬಂದಿದ್ದು 1998ರಲ್ಲಿ. ಆ ವರ್ಷ ಸ್ಯಾಂಟ್ರೊ, ಮಾಟಿಜ್, ಇಂಡಿಕಾ ಬಂದವು. ಅನುಕೂಲಸ್ಥರು ಹೊಸ ಕಾರು ನೋಡತೊಡಗಿದರು, ಅವರ ಹಳೇ 800 ಮಾರುಕಟ್ಟೆಗೆ ಬಂತು. ಹೈಸ್ಕೂಲ್ ಮೇಷ್ಟ್ರಾಗಿದ್ದ ಅಪ್ಪಾಜಿ ಸೊಸೈಟಿಯಲ್ಲಿ ಸಾಲ ತೆಗೆದು ಮೂರು ವರ್ಷದ ಬಿಳಿ ಕಾರು ಕೊಂಡರು. ಅವತ್ತೇ ನೂರು ಪುಟದ ಒಂದು ಲೆಕ್ಕದ ಪುಸ್ತಕ ಶುರು ಮಾಡಿದರು. ಮೊದಲ ಪುಟದಲ್ಲಿ ಶ್ರೀ, ಅದರ ಕೆಳಗೆ ಕಿಲೋಮೀಟರು.

ಆ ಭಾನುವಾರ ಊರಿಗೆ ಹೋದಾಗ ನಾನು ಮೊದಲು ಮಾಡಿದ್ದು ಆ ಪುಸ್ತಕಗಳನ್ನು ಓದಿದ್ದು. ಒಟ್ಟು ನಾಲ್ಕಿವೆ. ಎಷ್ಟು ಲೀಟರ್ ಹಾಕಿಸಿದ್ದು, ಎಷ್ಟು ಓಡಿದ್ದು, ಲೀಟರಿಗೆ ಎಷ್ಟು ಬಂತು. ಕಾರ್ಬುರೇಟರ್ ಕ್ಲೀನಿಂಗ್. ಪ್ಲಗ್. ಕ್ಲಚ್ ವೈರ್. ಟೈಮಿಂಗ್ ಬೆಲ್ಟ್. ಮಧ್ಯೆ ಮಧ್ಯೆ ಬೇರೆ ಸಾಲುಗಳೂ ಇವೆ. "ಅಮ್ಮನನ್ನು ಆಸ್ಪತ್ರೆಗೆ, ರಾತ್ರಿ 2 ಗಂಟೆ." "ಮಗನನ್ನು ಬೆಂಗಳೂರಿಗೆ ಬಿಟ್ಟಿದ್ದು, ಹಾಸಿಗೆ, ಟ್ರಂಕು ಸಮೇತ." "ಮಳೆ ನೀರು ಮ್ಯಾಟಿನ ಕೆಳಗೆ ನಿಂತು ತಳದ ತಗಡು ತೂತು. ಟಿಂಕರಿಂಗ್." ನಮ್ಮ ಮನೆಯ ಇತಿಹಾಸ ಇದರಷ್ಟು ಸರಿಯಾಗಿ ಬೇರೆಲ್ಲೂ ದಾಖಲಾಗಿಲ್ಲ.

ಇನ್ನೊಂದು ಸಾಲು ನನ್ನನ್ನು ನಿಲ್ಲಿಸಿತು. "ಇವಳು ಇವತ್ತು ಒಬ್ಬಳೇ ಮಾರ್ಕೆಟ್ಟಿಗೆ." ಇಸವಿ 2001. ನಮ್ಮ ಬೀದಿಯಲ್ಲಿ ಕಾರು ಓಡಿಸಿದ ಮೊದಲ ಹೆಂಗಸು ನಮ್ಮಮ್ಮ. ಅಂಬಾಸಿಡರ್ ಆಗಿದ್ದರೆ ಆ ಸ್ಟೀರಿಂಗ್ ತಿರುಗಿಸಲು ಅಮ್ಮ ಕೈ ಹಾಕುತ್ತಿರಲಿಲ್ಲ.

ಆದರೆ ಹಳೆಯದ್ದೆಲ್ಲ ಹೊನ್ನು ಅಂತ ನಾನು ಹೇಳ್ತಿಲ್ಲ. 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ 13 ನಗರಗಳಲ್ಲಿ ಬಿಎಸ್-4 ಹೊಗೆ ನಿಯಮ ಬಂದಾಗ ಅಲ್ಲೆಲ್ಲ 800ರ ಮಾರಾಟ ನಿಂತಿತು. 2014ರ ಜನವರಿ 18ಕ್ಕೆ ತಯಾರಿಕೆಯೇ ನಿಂತಿತು. ಭಾರತದಲ್ಲಿ ಮಾರಾಟವಾದದ್ದು 25 ಲಕ್ಷಕ್ಕೂ ಹೆಚ್ಚು. ಅದೇ ಜನವರಿ ಕೊನೆಗೆ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ನಮ್ಮ ಐದು ಸಣ್ಣ ಕಾರುಗಳನ್ನು ಗೋಡೆಗೆ ಗುದ್ದಿಸಿ ಫಲಿತಾಂಶ ಹೇಳಿತು. ಐದಕ್ಕೂ ಸೊನ್ನೆ ಸ್ಟಾರ್! ಅದರಲ್ಲಿ 800ರ ಉತ್ತರಾಧಿಕಾರಿ ಆಲ್ಟೊ ಇತ್ತು, ಟಾಟಾ ನ್ಯಾನೊ ಕೂಡ ಇತ್ತು. 2008ರಲ್ಲಿ ಒಂದು ಲಕ್ಷದ ಕಾರು ಅಂತ ಜಗತ್ತೇ ಕಣ್ಣರಳಿಸಿ ನೋಡಿದ ನ್ಯಾನೊ ಹತ್ತು ವರ್ಷದಲ್ಲಿ ಮುಗಿಯಿತು. 'ಅಗ್ಗದ ಕಾರು' ಅಂತ ಹಣೆಪಟ್ಟಿ ಹಚ್ಚಿದ ಮೇಲೆ ಅದನ್ನು ಮನೆ ಮುಂದೆ ನಿಲ್ಲಿಸಲು ಜನ ಹಿಂಜರಿದರು. ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾಗಿದ್ದು 2019ರಲ್ಲಿ. ಅಲ್ಲಿವರೆಗೆ ಬಡವರ ಕಾರಿನಲ್ಲಿ ಕೂತವರ ಜೀವಕ್ಕೆ ಬೆಲೆ ಎಷ್ಟಿತ್ತು ಅಂತ ನೀವೇ ಲೆಕ್ಕ ಹಾಕಿ.

ಹಾಗಾದ್ರೆ ಸರ್ಕಾರ ಮಾಡಿದ್ದು ಸರಿ ಅಲ್ವಾ? ಹೊಗೆ ಉಗುಳುವ, ಏರ್‌ಬ್ಯಾಗ್ ಇಲ್ಲದ ಹಳೇ ಕಾರು ರಸ್ತೆಯಿಂದ ಹೋಗಲಿ ಅನ್ನೋದ್ರಲ್ಲಿ ತಪ್ಪೇನು? ತಪ್ಪಿಲ್ಲ. ಆದರೆ ಪರೀಕ್ಷೆ ಮಾಡಿ ತೆಗೆಯಿರಿ. ಹೊಗೆ ಅಳೆಯಿರಿ, ಬ್ರೇಕ್ ನೋಡಿ, ತಳದ ತಗಡು ತಟ್ಟಿ ನೋಡಿ. ಫೇಲಾದ್ರೆ ಗುಜರಿಗೆ ಹಾಕಿ. ಶುಲ್ಕ ಏರಿಸಿದರೆ ಹೊಗೆ ಕಮ್ಮಿ ಆಗುತ್ತಾ? ವಾರಕ್ಕೆ ಮೂವತ್ತು ಕಿಲೋಮೀಟರು ಓಡುವ, ಪುಸ್ತಕ ಇಟ್ಟು ನೋಡಿಕೊಂಡ ಕಾರಿಗೂ, ಯಾರೂ ದಿಕ್ಕಿಲ್ಲದ ಕಾರಿಗೂ ಒಂದೇ ಹತ್ತು ಸಾವಿರ. ಹಣ ಇದ್ದವನು ಕಟ್ಟುತ್ತಾನೆ, ಇಲ್ಲದವನು ಬಿಡುತ್ತಾನೆ. ಹಾಗಾದಾಗ ಅದು ಸುರಕ್ಷತೆಯ ಜರಡಿ ಆಗಲ್ಲ, ಜೇಬಿನ ಜರಡಿ ಆಗುತ್ತೆ.

ಅಂದಹಾಗೆ ಇಂದಿರಾ ಗಾಂಧಿ ಕೈಯಿಂದ ಬಂದ ಆ ಮೊದಲ ಕಾರು ಏನಾಯಿತು ಗೊತ್ತಾ? ಮಾಲೀಕರು ಅದನ್ನು ಮಾರಲೇ ಇಲ್ಲ. 2010ರಲ್ಲಿ ಅವರು ತೀರಿಕೊಂಡರು. ಕಾರು ದಿಲ್ಲಿಯ ಮನೆ ಮುಂದೆ ತುಕ್ಕು ಹಿಡಿದು ನಿಂತಿತು. ಕೊನೆಗೆ ಕಂಪನಿಯೇ ಅದನ್ನು ತಂದು ದುರಸ್ತಿ ಮಾಡಿ ತನ್ನ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತು. ಮೊದಲನೆಯದಕ್ಕೆ ಆ ಗೌರವ ಸಿಕ್ಕಿತು. ಉಳಿದ 25 ಲಕ್ಷ ಕಾರುಗಳಿಗೆ ಗತಿ ನಮ್ಮ ಮೇಸ್ತ್ರಿಗಳೇ.

ಭಾನುವಾರ ಸಂಜೆ ನಾವು ಕಾರನ್ನು ಮೇಸ್ತ್ರಿಯ ಹತ್ತಿರ ತಗೊಂಡು ಹೋದ್ವಿ. ಇಪ್ಪತ್ತೇಳು ವರ್ಷದಿಂದ ಈ ಕಾರು ನೋಡಿದವರು ಅವರೇ. ಜಾಕ್ ಹಾಕಿ ಎತ್ತಿ, ಟಾರ್ಚ್ ಹಿಡಿದು ಕೆಳಗೆಲ್ಲ ನೋಡಿದರು. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್ ಅಂತ ಹಳೆಯ ರಬ್ಬರ್ ಪೈಪುಗಳನ್ನು ಆಗಲೇ ಬದಲಾಯಿಸಿದ್ದರು.

"ಎಂಜಿನ್ ಇನ್ನೂ ಗಟ್ಟಿ ಐತೆ ಮೇಷ್ಟ್ರೇ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಆದ್ರೆ ಹೈವೇಗೆ ಬ್ಯಾಡ ಸಾರ್. ಲಾರಿ ತಾಗಿದ್ರೆ ಇದ್ರಲ್ಲಿ ಏನೂ ಉಳಿಯಂಗಿಲ್ಲ. ಮಕ್ಕಳನ್ನ ಕೂರಿಸಬ್ಯಾಡ್ರಿ" ಅಂದರು.

ಸ್ಟುಡಿಯೋದಲ್ಲಿ ನಾನು ಕರೆಸುವ ಯಾವ ತಜ್ಞರೂ ಇಷ್ಟು ಚೆನ್ನಾಗಿ ಎರಡೂ ಕಡೆಯ ಸತ್ಯ ಹೇಳಿಲ್ಲ.

ಅಪ್ಪಾಜಿ ತೀರ್ಮಾನ ಮಾಡಿದ್ದರು. ಊರೊಳಗೆ ಮಾತ್ರ. ಮಾರ್ಕೆಟ್ಟು, ಆಸ್ಪತ್ರೆ, ದೇವಸ್ಥಾನ. ಮೊಮ್ಮಗ ಬಂದಾಗ ನನ್ನ ಕಾರು. ಹತ್ತು ಸಾವಿರ ಅವರ ಪಿಂಚಣಿಯಿಂದಲೇ ಕಟ್ಟುತ್ತಾರಂತೆ. ನಾನು ಕೊಡ್ತೀನಿ ಅಂದೆ, ಕೇಳಲಿಲ್ಲ.

"ಐದು ವರ್ಷಕ್ಕೆ ಕೊಡ್ತಾರೆ. ನನಗೀಗ ಎಪ್ಪತ್ತೆಂಟು. ಇಬ್ಬರಿಗೂ ಅಷ್ಟು ಸಾಕು" ಅಂದರು.

ನವೆಂಬರ್‌ನಲ್ಲಿ ಇನ್‌ಸ್ಪೆಕ್ಟರ್ ನೋಡಿ ಪಾಸ್ ಮಾಡಿದರು. ಅವತ್ತು ಅಪ್ಪಾಜಿ ಐದನೇ ಲೆಕ್ಕದ ಪುಸ್ತಕ ತಂದಿದ್ದಾರೆ. ಮೊದಲ ಪುಟದಲ್ಲಿ ಶ್ರೀ, ಅದರ ಕೆಳಗೆ ಕಿಲೋಮೀಟರು, ಅದರ ಕೆಳಗೆ "ಆರ್‌ಸಿ ನವೀಕರಣ, 10,000."

ನಿಮ್ಮ ಮನೆಯಲ್ಲೂ ಅಂಥದ್ದೊಂದು ಪುಸ್ತಕ ಇದ್ದರೆ ಗುಜರಿಗೆ ಹಾಕಬೇಡಿ. ಕಾರು ಹೋದರೂ ಪುಸ್ತಕ ಇರಲಿ.