ಬಿಳಿ ಹಾಳೆಯ ಮೇಲೊಂದು ಹೆಬ್ಬೆಟ್ಟು

1956ರ ನವೆಂಬರ್ 1ಕ್ಕೆ ಮುಂಚೆ ಬಂಡಳ್ಳಿಯವರು ಮದರಾಸ್ ರಾಜ್ಯದವರು. ಈಗ ಹನೂರು ತಾಲ್ಲೂಕಿಗೆ ಸೇರಿರೋ ಈ ಊರು ಆಗ ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು, ಆ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು, ದಿವಾನ್ ಪೂರ್ಣಯ್ಯನವರ ಜಹಗೀರು. ಮನೆಯಲ್ಲೊಬ್ಬರಿಗೆ ತಲೆ ಕೆಟ್ಟಾಗ ಈ ಗಡಿಗೆ ಅರ್ಥ ಬರ್ತಿತ್ತು. ಯಳಂದೂರಿನವರ ಸರ್ಕಾರಕ್ಕೆ ಬೆಂಗಳೂರಿನಲ್ಲಿ ಆಸ್ಪತ್ರೆ ಇತ್ತು. 1925ರಲ್ಲೇ ಅದು ‘ಲುನಾಟಿಕ್ ಅಸೈಲಮ್’ ಅನ್ನೋ ಹೆಸರು ಕಳಚಿಕೊಂಡು ಮೆಂಟಲ್ ಹಾಸ್ಪಿಟಲ್ ಆಯ್ತು, ಮುಂದೆ ನಿಮ್ಹಾನ್ಸ್ ಆಯ್ತು. ಬಂಡಳ್ಳಿಯವರ ಸರ್ಕಾರದ ಆಸ್ಪತ್ರೆಗಳಿದ್ದದ್ದು ಮದರಾಸಿನ ಕಿಲ್ಪಾಕ್, ಕಲ್ಲಿಕೋಟೆಯಂಥ ದೂರದ ಜಾಗಗಳಲ್ಲಿ.

ದೂರ ಒಂದು ಕಷ್ಟ, ಕಾನೂನು ಇನ್ನೊಂದು. ಬ್ರಿಟಿಷರ 1912ರ ಲೂನಸಿ ಕಾಯ್ದೆ ಓದಿದರೆ, ಕಳ್ಳರ ಬಗ್ಗೆ ಬರೆದದ್ದೇನೋ ಅನ್ನಿಸುತ್ತೆ. ಬೀದಿಯಲ್ಲಿ ಅಲೆಯೋ ‘ಲುನಾಟಿಕ್’ನನ್ನು ಠಾಣೆಯ ಅಧಿಕಾರಿ ಹಿಡಿಯಬಹುದು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಅವರು ಆದೇಶ ಕೊಟ್ಟರೆ ಅಸೈಲಮ್. ಮನೆಯವರು ಅರ್ಜಿ ಹಾಕಿದರೂ ಸಹಿ ಮ್ಯಾಜಿಸ್ಟ್ರೇಟರದ್ದೇ. ತಾವಾಗಿಯೇ ಬಂದು ಸೇರೋರಿಗೆ ಒಂದು ಸಣ್ಣ ದಾರಿ ಇತ್ತು. ಉಳಿದವರನ್ನು ‘ನಿನಗೇನು ಬೇಕಪ್ಪ?’ ಅಂತ ಕೇಳೋ ಗೊಡವೆಗೆ ಕಾನೂನು ಹೋಗಲಿಲ್ಲ.

ಏಕೀಕರಣದಲ್ಲಿ ಬಂಡಳ್ಳಿಯ ರಾಜ್ಯ ಬದಲಾಯ್ತು, ಈ ಕಾಯ್ದೆ ಬದಲಾಗಲಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಕಾಯಿಲೆಗೆ ಔಷಧಿ ಕೊಡಬಹುದು ಅಂತ ಮಾಡಿ ತೋರಿಸಿದರು. ಆಗಲೂ ಜಾರಿಯಲ್ಲಿದ್ದದ್ದು 1912ರದ್ದೇ. 1987ರಲ್ಲಿ ಹೊಸ ಕಾಯ್ದೆ ಪಾಸಾದರೂ ಜಾರಿಗೆ ಬಂದದ್ದು 1993ರ ಏಪ್ರಿಲ್‌ನಲ್ಲಿ. ಅದು ಪದಗಳನ್ನು ಬದಲಿಸಿತು, ಸರಪಳಿ ಬಿಚ್ಚಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾ ಹತ್ತಿರದ ಒಂದು ಆಶ್ರಯಧಾಮಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದವರು ಓಡೋಕಾಗದೆ ಸುಟ್ಟುಹೋದರು. ಸತ್ತವರು 28 ಜನ.

2007ರಲ್ಲಿ ಭಾರತ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದವನ್ನು ಅನುಮೋದಿಸಿತು. ಅದಕ್ಕೆ ಹೊಂದುವ ಹಾಗೆ ಬಂದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಜಾರಿಯಾದದ್ದು 2018ರ ಮೇ 29ಕ್ಕೆ. ಸರಪಳಿ ನಿಷೇಧ. ಚಿಕಿತ್ಸೆ ಮನೆಯ ಹತ್ತಿರ ಸಿಗಬೇಕು, ಯಾರೂ ಬಹುದೂರ ಅಲೆಯಬಾರದು. ನಿಮ್ಮ ಇನ್ಶೂರೆನ್ಸ್ ಕಂಪನಿ ಮೈಯ ಕಾಯಿಲೆಗೆ ಕೊಡೋ ಹಾಗೇ ಮನಸ್ಸಿನ ಕಾಯಿಲೆಗೂ ಕವರ್ ಕೊಡಬೇಕು.

ಇವೆಲ್ಲಕ್ಕಿಂತ ದೊಡ್ಡದು ನಾಲ್ಕನೇ ಕಲಂ. ಚಿಕಿತ್ಸೆಯ ಬಗ್ಗೆ ತೀರ್ಮಾನ ಮಾಡೋ ಸಾಮರ್ಥ್ಯ ಎಲ್ಲರಿಗೂ ಇದೆ ಅಂತ ಅದು ಹಿಡಿಯುತ್ತೆ. ಹೇಳಿದ್ದು ಅರ್ಥವಾದರೆ, ಇಲ್ಲವೇ ಹೀಗೆ ಮಾಡಿದರೆ ಏನಾಗುತ್ತೆ ಅಂತ ತಿಳಿದರೆ, ಇಲ್ಲವೇ ಮಾತಿನಲ್ಲೋ ಸನ್ನೆಯಲ್ಲೋ ಉತ್ತರ ಕೊಡೋಕಾದರೆ ಸಾಕು. ನಿಮ್ಮ ತೀರ್ಮಾನ ಬೇರೆಯವರಿಗೆ ತಪ್ಪು ಅನ್ನಿಸಿದ ಮಾತ್ರಕ್ಕೆ ನಿಮಗೆ ಸಾಮರ್ಥ್ಯ ಇಲ್ಲ ಅನ್ನೋ ಹಾಗಿಲ್ಲ. ‘ಅವನಿಗೇನು ಗೊತ್ತಾಗುತ್ತೆ ಬಿಡಿ’ ಅಂತ ನಾವು ಸಲೀಸಾಗಿ ಹೇಳೋ ಮಾತಿಗೆ ಈಗ ಕಾನೂನಿನ ಬಲ ಇಲ್ಲ.

ಮುಂದೆ ನನಗೆ ಹುಷಾರು ತಪ್ಪಿದರೆ ಹೇಗೆ ನೋಡಿಕೊಳ್ಳಬೇಕು, ಹೇಗೆ ನೋಡಿಕೊಳ್ಳಬಾರದು ಅಂತ ವಯಸ್ಕರು ಯಾರಾದರೂ ಮೊದಲೇ ಬರೆದಿಡಬಹುದು. ತುರ್ತು ಚಿಕಿತ್ಸೆಗೆ ಮಾತ್ರ ಅದು ಅನ್ವಯಿಸೋದಿಲ್ಲ. ನನ್ನ ಪರವಾಗಿ ನಿಲ್ಲೋರು ಇಂಥವರು ಅಂತ ಹೆಸರಿಸಬಹುದು, ಅವರು ಗಂಡನೋ ಅಣ್ಣನೋ ಆಗಿರಬೇಕಂತಿಲ್ಲ. ಇದಕ್ಕೆ ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು. ಸಹಿ ಬರದಿದ್ದರೆ ಹೆಬ್ಬೆಟ್ಟು ನಡೆಯುತ್ತೆ. ಓದು ಬಾರದ ಅಜ್ಜಿಗೂ ಎಂಎನ್‌ಸಿಯ ಮ್ಯಾನೇಜರಿಗೂ ಒಂದೇ ಹಕ್ಕು.

ಹಾಗಂತ ಎಲ್ಲ ಕಾಯ್ದೆಗಳೂ ಬದಲಾಗಿವೆ ಅಂತಲ್ಲ. 2024ರ ಜುಲೈ 1ರಂದು ಬಂದ ನ್ಯಾಯ ಸಂಹಿತೆ, ಆತ್ಮಹತ್ಯೆಗೆ ಯತ್ನಿಸಿದವರನ್ನು ಶಿಕ್ಷಿಸೋ ಹಳೇ 309ನೇ ಕಲಂ ಕೈಬಿಟ್ಟಿತು. ಆದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ‘ವಾಸಿಯಾಗದ ಅಸ್ವಸ್ಥ ಚಿತ್ತ’ ಇನ್ನೂ ವಿಚ್ಛೇದನಕ್ಕೆ ಕಾರಣ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅಂತ ಗಾದೆ ಕಟ್ಟಿ ನಕ್ಕ ನಾವು, ಮದುವೆಯಾದ ಮೇಲೆ ಕಾಯಿಲೆ ಬಂದವಳ ಪಾಡೇನು ಅಂತ ಯೋಚಿಸಿದ್ದು ಕಮ್ಮಿ. ಗುಳಿಗೆ ನುಂಗೋದನ್ನು ಅತ್ತೆಮನೆಯಲ್ಲಿ ಬಚ್ಚಿಡೋ ಹೆಣ್ಣುಮಗಳಿಗೆ ನಾಲ್ಕನೇ ಕಲಂಗಿಂತ ಈ ಕಲಮ್ಮಿನ ಭಯವೇ ಹೆಚ್ಚು.

ಹಕ್ಕು ಕೊಡೋ ಕಾಯ್ದೆಗೆ ಈಗ ಒಂದು ದಶಕದಷ್ಟೂ ವಯಸ್ಸಿಲ್ಲ. ಹಿಡಿದು ಒಳಗೆ ಹಾಕೋ ಕಾಯ್ದೆ 81 ವರ್ಷ ನಡೀತು. ಅಷ್ಟು ಹಳೇ ಅಭ್ಯಾಸ ಗೆಜೆಟ್‌ನಲ್ಲಿ ಅಚ್ಚಾದ ಮಾತ್ರಕ್ಕೆ ಹೋಗೋದಿಲ್ಲ. ಬಂಡಳ್ಳಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಮನೆಯವರು ಡಾಕ್ಟರ ಹತ್ತಿರ ರೋಗಿಯ ಪರವಾಗಿ ತಾವೇ ಮಾತಾಡಿ ಮುಗಿಸೋ ಮೊದಲು, ಪಕ್ಕದಲ್ಲಿ ಕೂತವರ ಕಡೆ ತಿರುಗಿ ‘ನೀನೇನಂತೀಯ?’ ಅಂತ ಕೇಳಬೇಕು.