ಸಾಂಕ್ರಾಮಿಕ ರೋಗ ಮತ್ತು ಆಡಳಿತ: ಗುತ್ತಲ–ಹಾವೇರಿ ಸೀಮೆ

1897–98ರಲ್ಲಿ ಪ್ಲೇಗು ಮುಂಬಯಿಯಿಂದ ದಕ್ಷಿಣಕ್ಕೆ ಇಳಿದುಬಂದಾಗ ಗುತ್ತಲ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಬೆಂಗಳೂರು–ಮೈಸೂರಿನ ಪ್ಲೇಗಿನ ಕಥೆಯನ್ನೇ ಇಡೀ ಕರ್ನಾಟಕದ ಕಥೆಯೆಂದು ಹೇಳುವ ರೂಢಿ ಬೆಳೆದಿರುವುದರಿಂದ ಈ ಸಂಗತಿ ಮರೆಯಾಗಿದೆ. ತುಂಗಭದ್ರೆ ಇಲ್ಲಿ ಮೂರು ಸರ್ಕಾರಗಳ ಗಡಿಯಾಗಿತ್ತು. ರಾಣೆಬೆನ್ನೂರಿನ ಕಡೆಯಿಂದ ಹೊಳೆ ದಾಟಿದರೆ ಹರಿಹರ, ಅಂದರೆ ಮೈಸೂರು ಸಂಸ್ಥಾನ. ಗುತ್ತಲದ ಪೂರ್ವಕ್ಕೆ ದಾಟಿದರೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ರೋಗ ಒಂದೇ, ನಿಯಮ ಮಾತ್ರ ದಡಕ್ಕೊಂದು.

ಮುಂಬಯಿ ಪ್ರಾಂತ್ಯದ ಕ್ರಮಗಳಿಗೆ ಆಧಾರ 1897ರ ಫೆಬ್ರವರಿಯಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆ. ನಾಲ್ಕೇ ಕಲಮುಗಳ ಈ ಕಾನೂನು ಅಧಿಕಾರಿಗಳಿಗೆ ಮನೆ ಶೋಧಿಸುವ, ರೋಗಿಗಳನ್ನು ಬೇರ್ಪಡಿಸುವ, ಪ್ರಯಾಣಿಕರನ್ನು ತಡೆಯುವ ಅಧಿಕಾರಕ್ಕೆ ದಾರಿ ಮಾಡಿತು. ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಅವರ ಮೇಲೆ ದಾವೆ ಹೂಡುವಂತಿರಲಿಲ್ಲ. ಪುಣೆಯಲ್ಲಿ ಸೈನಿಕರಿಂದ ಮನೆ ಶೋಧ ನಡೆಸಿದ ಪ್ಲೇಗು ಅಧಿಕಾರಿ ರ್‍ಯಾಂಡ್‌ನ ಮೇಲೆ 1897ರ ಜೂನ್ 22ರಂದು ಚಾಪೇಕರ್ ಸಹೋದರರು ಗುಂಡು ಹಾರಿಸಿದರು, ಆ ಗಾಯದಿಂದ ಅವನು ಮುಂದೆ ತೀರಿಕೊಂಡ. ಆಮೇಲಿನ ವರ್ಷಗಳಲ್ಲಿ ಸರ್ಕಾರ ಬಲವಂತವನ್ನು ಮೆಲ್ಲಗೆ ಸಡಿಲಿಸಿ ಲಸಿಕೆಯ ಕಡೆ ವಾಲಿತು.

ಈ ಬದಲಾವಣೆ ಎದ್ದು ಕಾಣುವುದು ಹುಬ್ಬಳ್ಳಿಯಲ್ಲಿ. ವಿಜ್ಞಾನಿ ಹಾಫ್ಕಿನ್ ಮುಂಬಯಿಯಲ್ಲಿ ಸಿದ್ಧಪಡಿಸಿದ್ದ ಲಸಿಕೆಯನ್ನು 1898ರಲ್ಲಿ ಆ ಒಂದೇ ಊರಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನಕ್ಕೆ ಹಾಕಲಾಯಿತು. ಸೂಜಿ ಚುಚ್ಚಿಸಿಕೊಂಡವರಿಗೆ ಸರ್ಟಿಫಿಕೇಟು ಸಿಗುತ್ತಿತ್ತು. ಅದು ಕೈಯಲ್ಲಿದ್ದರೆ ಪ್ಲೇಗು ನಿರ್ಬಂಧಗಳಿಂದ ವಿನಾಯಿತಿ. ಆದ್ದರಿಂದ ಇದನ್ನು ಜನರು ತಾವಾಗಿ ಒಪ್ಪಿದ್ದೆನ್ನಬೇಕೋ, ಜನರನ್ನು ಬೇರ್ಪಡಿಸಿ ಇಡುವ ಕ್ಯಾಂಪಿನ ಭಯಕ್ಕೆ ಒಪ್ಪಿದ್ದೆನ್ನಬೇಕೋ ಎಂಬುದು ಚರ್ಚೆಯ ವಿಷಯ. ಲಸಿಕೆಯ ಫಲದ ಲೆಕ್ಕವೂ ತಕರಾರಿನದೇ. ಊರು ಬಿಟ್ಟವರು, ಮರಳಿದವರು, ಸತ್ತವರು ವಾರವಾರಕ್ಕೂ ಬದಲಾಗುತ್ತಿದ್ದಾಗ ಲಸಿಕೆ ಹಾಕಿಸಿಕೊಳ್ಳದವರೆಷ್ಟು ಎಂಬ ಸಂಖ್ಯೆಯೇ ಅಂದಾಜಾಗಿತ್ತು.

ಹಳ್ಳಿಗಳಲ್ಲಿ ಸರ್ಕಾರವೆಂದರೆ ಗೌಡ ಮತ್ತು ಕುಲಕರ್ಣಿ. ಅಲ್ಲಿ ಎಚ್ಚರಿಕೆಯ ಗಂಟೆ ಸರ್ಕಾರಿ ಹುಕುಮಲ್ಲ, ಇಲಿ. ಜಂತಿಯಿಂದ ಸತ್ತ ಇಲಿ ಬಿತ್ತೆಂದರೆ ಜನ ಪಾತ್ರೆ–ಪಡಗ, ಜೋಳದ ಚೀಲ, ದನಕರುಗಳೊಂದಿಗೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಸರ್ಕಾರಕ್ಕೆ ಬೇಕಾಗಿದ್ದ ಊರು ತೆರವೂ ಜನ ತಾವಾಗಿ ಮಾಡಿಕೊಂಡ ಊರುಬಿಡುವಿಕೆಯೂ ಇಲ್ಲಿ ಒಂದಾದವು.

ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಹಾದು ಹರಿಹರ ಸೇರುವ ರೈಲುದಾರಿ ರೋಗಕ್ಕೂ ದಾರಿಯಾಯಿತು. 1898ರ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರಿನಲ್ಲಿ ಕಾಣಿಸಿಕೊಂಡಿತು. ಆಗ ಮೈಸೂರಿನಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದ ರಾಜಪ್ರತಿನಿಧಿ ಆಡಳಿತ, ದಿವಾನರು ಕೆ. ಶೇಷಾದ್ರಿ ಅಯ್ಯರ್, ಪ್ಲೇಗು ಕಮಿಷನರ್ ವಿ.ಪಿ. ಮಾಧವರಾವ್. ಸಂಸ್ಥಾನದ ಕ್ರಮಗಳು ಮೃದುವಾಗಿದ್ದವೆಂಬ ಮಾತು ಪೂರ್ತಿ ನಿಜವಲ್ಲ: ಅದೇ ವರ್ಷ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅವುಗಳ ವಿರುದ್ಧ ದಂಗೆ ಎದ್ದಿತು. ವ್ಯತ್ಯಾಸವಿದ್ದದ್ದು ಆಮೇಲಿನ ಕೆಲಸದಲ್ಲಿ. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು, 1903ರಲ್ಲಿ ಮೈಸೂರು ನಗರಕ್ಕೆ ಅಭಿವೃದ್ಧಿ ಟ್ರಸ್ಟ್ ಮಂಡಳಿ ಬಂತು. ಮುಂಬಯಿ ಸರ್ಕಾರವೂ 1898ರಲ್ಲಿ ಇಂಥದೇ ಟ್ರಸ್ಟ್ ಸ್ಥಾಪಿಸಿತ್ತು, ಆದರೆ ಮುಂಬಯಿ ನಗರಕ್ಕೆ. ರಾಜಧಾನಿಯಿಂದ ದೂರದ ತಾಲ್ಲೂಕುಗಳ ಪಾಲಿಗೆ ಉಳಿದದ್ದು ಹೊಲದ ಗುಡಿಸಲೇ.

1918ರ ಇನ್‌ಫ್ಲುಯೆಂಜಾ ಬಂದಾಗ ಹಳೆಯ ಬಲವಂತಕ್ಕೆ ಸರ್ಕಾರ ಕೈಹಾಕಲಿಲ್ಲ. ಪರಿಹಾರದ ಬಹುಭಾಗ ಸ್ವಯಂಸೇವಕರ ಮೇಲೆ ಬಿತ್ತು. 1919ರ ಆಡಳಿತ ಸುಧಾರಣೆಯಲ್ಲಿ ಸಾರ್ವಜನಿಕ ಆರೋಗ್ಯ ಪ್ರಾಂತ್ಯಗಳ ಮಂತ್ರಿಗಳಿಗೆ ಹೋಯಿತು, ಮುಂದೆ ಸಂವಿಧಾನದಲ್ಲಿ ರಾಜ್ಯಪಟ್ಟಿಗೆ ಸೇರಿತು.

1956ರ ಏಕೀಕರಣದಿಂದ ಹೊಳೆಯ ಗಡಿ ಅಳಿಸಿತು, ಕಾನೂನಿನ ಗಡಿ ಉಳಿಯಿತು. ಪ್ರದೇಶಕ್ಕೊಂದರಂತಿದ್ದ ಕಾಯಿದೆಗಳನ್ನು ಒಂದುಗೂಡಿಸುವ ಕರ್ನಾಟಕ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆ ಹೊರಬಿದ್ದದ್ದು 2020ರ ಏಪ್ರಿಲ್‌ನಲ್ಲಿ, ಕೋವಿಡ್ ಬಂದ ಮೇಲೆ. ಆ ಹೊತ್ತಿಗೆ ದೇಶವ್ಯಾಪಿ ಲಾಕ್‌ಡೌನ್ 2005ರ ವಿಪತ್ತು ನಿರ್ವಹಣಾ ಕಾಯಿದೆಯಡಿ ದೆಹಲಿಯಿಂದ ಜಾರಿಯಾಗಿತ್ತು. ಏಪ್ರಿಲ್ ಕೊನೆಯ ಕೇಂದ್ರದ ಪಟ್ಟಿಯಲ್ಲಿ ಹಾವೇರಿ ಜಿಲ್ಲೆ ಹಸಿರು ವಲಯ. ಆದರೂ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಸುಗ್ಗಿಯ ಹೊತ್ತಿನಲ್ಲೇ ಬಾಗಿಲು ಹಾಕಿತ್ತು. ಮೇ ಆರಂಭದಲ್ಲಿ ಜಿಲ್ಲೆಯ ಮೊದಲ ಪ್ರಕರಣ ಸವಣೂರಿನಲ್ಲಿ ಪತ್ತೆಯಾಯಿತು. ಸೋಂಕು ಬಂದದ್ದು ಮತ್ತೆ ಮುಂಬಯಿಯ ದಾರಿಯಿಂದ.

2020ರ ಮಧ್ಯಭಾಗದಲ್ಲಿ ಗ್ರಾಮ ಪಂಚಾಯಿತಿಗಳ ಅವಧಿ ಮುಗಿದು, ಚುನಾವಣೆ ಮುಂದಕ್ಕೆ ಹೋಗಿ, ಆಡಳಿತಾಧಿಕಾರಿಗಳು ಬಂದರು. ಮೊದಲ ಅಲೆ ಏರಿದ ತಿಂಗಳುಗಳಲ್ಲಿ ಹಳ್ಳಿಗಳಲ್ಲಿ ಚುನಾಯಿತ ಸದಸ್ಯರಿರಲಿಲ್ಲ, ಆಶಾ ಕಾರ್ಯಕರ್ತೆಯರಿದ್ದರು. ಡಿಸೆಂಬರ್‌ನಲ್ಲಿ ಚುನಾವಣೆ ನಡೆದು, ಎರಡನೆಯ ಅಲೆಯ ಹೊತ್ತಿಗೆ ಸದಸ್ಯರು ಬಂದಿದ್ದರು. 2021ರ ಮೇ 1ರಿಂದ 18–44 ವಯಸ್ಸಿನವರ ಲಸಿಕೆ ಖರೀದಿ ರಾಜ್ಯಗಳ ಹೆಗಲೇರಿತು. ದಾಸ್ತಾನಿಲ್ಲದೆ ಕರ್ನಾಟಕ ಅವರಿಗೆ ಲಸಿಕೆ ಹಾಕುವುದನ್ನು ತಿಂಗಳ ಮಧ್ಯದಲ್ಲೇ ತಡೆಹಿಡಿಯಬೇಕಾಯಿತು. ಜೂನ್ 21ರಿಂದ ಆ ಖರೀದಿ ಮತ್ತೆ ಕೇಂದ್ರದ ಕೈಗೆ ಹೋಯಿತು.